ಮಾವುತನ ಮಗ ಸಾಬು

ಹಾಲಿವುಡ್ಡಿನ ಹಳೇ ಚಿತ್ರಗಳಲ್ಲಿ ಇಂಡಿಯಾದವರ ಪಾತ್ರ ಬಂದರೆ ಯಾರು ಮಾಡ್ತಿದ್ದರು? ಹೆಚ್ಚಾಗಿ ಬಿಳಿಯರೇ. ಮುಖಕ್ಕಿಷ್ಟು ಕಂದು ಬಣ್ಣ, ತಲೆಗೊಂದು ರುಮಾಲು, ಅಲ್ಲಿಗೆ ಇಂಡಿಯನ್ ತಯಾರು. ಅಂಥ ಕಾಲದಲ್ಲಿ ತನ್ನ ಸ್ವಂತ ಮೈಬಣ್ಣದಲ್ಲೇ ಜಗತ್ತಿಗೆಲ್ಲ ಪರಿಚಯವಾದವನು ನಮ್ಮ ಮೈಸೂರು ಸೀಮೆಯ ಸಾಬು.

ಅವನು ಹುಟ್ಟಿದ್ದು 1924ರ ಜನವರಿ 27ರಂದು, ಕಾಕನಕೋಟೆ ಕಾಡಿನ ಮಗ್ಗುಲಿನ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಾಯಿ ಬೇಗ ತೀರಿಕೊಂಡರು. ಹುಡುಗನಿಗೆ ಬುದ್ಧಿ ಬಲಿಯುವ ಮೊದಲೇ ತಂದೆಯೂ ಹೋದರು. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ, ಕಿಪ್ಲಿಂಗನ ಕಥೆಯೊಂದನ್ನು ತೆರೆಗೆ ತರಲು ಮೈಸೂರಿಗೆ ಬಂದ. ಅರಮನೆಯ ಆನೆಗಳು ಸಿಕ್ಕವು. ಆನೆಗೆ ತಕ್ಕ ಹುಡುಗನೂ ಆನೆಲಾಯದಲ್ಲೇ ಸಿಕ್ಕ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಾಗ ಸಾಬುಗೆ ಹದಿಮೂರು ವರ್ಷ. ತಮಾಷೆ ನೋಡಿ, ಅದೇ ಚಿತ್ರದಲ್ಲಿ ಮಚುವಾ ಅಪ್ಪನ ಪಾತ್ರಕ್ಕೆ ಮಾತ್ರ ಬಣ್ಣ ಹಚ್ಚಿದ ಇಂಗ್ಲಿಷ್ ನಟನೇ ಬೇಕಾಯ್ತು!

ಮರುವರ್ಷ ಬಂದ ‘ದಿ ಡ್ರಮ್’ನಲ್ಲಿ ಅವನು ಬ್ರಿಟಿಷರ ಗೆಳೆಯನಾದ ಗಡಿನಾಡಿನ ರಾಜಕುಮಾರ. ಸಾಮ್ರಾಜ್ಯವನ್ನು ಹೊಗಳುವ ಈ ಚಿತ್ರದ ವಿರುದ್ಧ ಮುಂಬಯಿ, ಮದ್ರಾಸುಗಳಲ್ಲಿ ಪ್ರತಿಭಟನೆ ನಡೆಯಿತು. ಕಥೆ ಬರೆದವರು ಬೇರೆ, ಹಣ ಹಾಕಿದವರು ಬೇರೆ. ಮುಖ ಮಾತ್ರ ನಮ್ಮ ಹುಡುಗನದು.

1940ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನ ಕೀರ್ತಿಯ ಶಿಖರ. ಸ್ವಲ್ಪ ಹಿಂದಕ್ಕೆ ಹೋಗೋಣ. ಸಾಬು ಹುಟ್ಟಿದ 1924ರಲ್ಲೇ ಇದೇ ಹೆಸರಿನ ಮೂಕಿಚಿತ್ರ ಬಂದಿತ್ತು. ಅದರಲ್ಲಿ ಕಳ್ಳ ಡಗ್ಲಸ್ ಫೇರ್‌ಬ್ಯಾಂಕ್ಸ್. ಕೊನೆಗೆ ರಾಜಕುಮಾರಿ ಕಳ್ಳನಿಗೇ ಒಲಿಯುತ್ತಾಳೆ. 1940ರ ಹೊತ್ತಿಗೆ ಕಳ್ಳ ಸಾಬು ಆದ. ಆಗ ಒಂದು ಪಾತ್ರ ಎರಡಾಯ್ತು. ಸಾಹಸವೆಲ್ಲ ಸಾಬುಗೆ, ಪ್ರೇಮವೆಲ್ಲ ಇಂಗ್ಲಿಷ್ ನಟ ಜಾನ್ ಜಸ್ಟಿನ್‌ಗೆ. ಭೂತವನ್ನು ಸೀಸೆಯಿಂದ ಬಿಟ್ಟವನು, ದೇವಾಲಯದ ಕಣ್ಣು ಕದ್ದವನು, ಗೆಳೆಯನ ಜೀವ ಉಳಿಸಿದವನು ಕೊನೆಗೆ ಒಂಟಿಯಾಗಿ ಚಾಪೆ ಹತ್ತಿ ಹಾರಿಹೋಗ್ತಾನೆ. ಹುಡುಗನ ಪಾತ್ರವಲ್ಲವೇ ಅನ್ನಬಹುದು. ಆದರೆ ಹುಡುಗ ದೊಡ್ಡವನಾದ ಮೇಲೂ ಇದೇ ಹಾಡು. 1942ರ ‘ಜಂಗಲ್ ಬುಕ್’ನ ಮೋಗ್ಲಿಯ ನಂತರ ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’ಗಳಲ್ಲಿ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್, ಸಾಬು ಜೊತೆಗಾರ.

1944ರಲ್ಲಿ ಅಮೆರಿಕದ ಪೌರನಾದ ಸಾಬು ವಾಯುಸೇನೆ ಸೇರಿ, ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿದ. ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಪದಕ ಕೊಟ್ಟರು, ಗಂಡಸಿನ ಪಾತ್ರ ಕೊಡಲಿಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಅಂತೂ ಒಬ್ಬ ಪ್ರೇಯಸಿ ಸಿಕ್ಕಳು, ಆಕೆ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. ಆಮೇಲೆ ಸಿಕ್ಕಿದ್ದು ಹೆಚ್ಚಾಗಿ ಸಣ್ಣಪುಟ್ಟ ಕಾಡಿನ ಚಿತ್ರಗಳು.

ತವರಿನ ಬಾಗಿಲು ಒಮ್ಮೆ ತೆರೆಯುವಂತಿತ್ತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬುವನ್ನೇ ಬಯಸಿದ್ದರು. ವಿದೇಶಿ ಪೌರನಿಗೆ ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ತರ ಪಾಲಾಯಿತು. ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸದೇ ಹೋದ. 1963ರ ಡಿಸೆಂಬರ್ 2ರಂದು, ಕ್ಯಾಲಿಫೋರ್ನಿಯಾದಲ್ಲಿ, ಹೃದಯಾಘಾತದಿಂದ ತೀರಿಕೊಂಡಾಗ ಅವನಿಗಿನ್ನೂ ಮೂವತ್ತೊಂಬತ್ತು. ಹೆಂಡತಿ, ಇಬ್ಬರು ಎಳೆಯ ಮಕ್ಕಳು.

ಆಗ ನಮ್ಮವರಲ್ಲಿ ನಟರು ಸಿಗ್ತಿರಲಿಲ್ಲ, ಅದಕ್ಕೇ ಬಿಳಿಯರು ಬಣ್ಣ ಹಚ್ಚಬೇಕಾಯ್ತು ಅಂತ ಇಂದಿಗೂ ವಾದಿಸುವವರಿದ್ದಾರೆ. ಆ ಸಬೂಬನ್ನು ಸಾಬು ಹದಿಮೂರನೇ ವಯಸ್ಸಿಗೇ ಸುಳ್ಳು ಮಾಡಿದ್ದ. ನಟನೂ ಇದ್ದ, ಅವನನ್ನು ನೋಡಲು ಜನವೂ ಇದ್ದರು. ಇಲ್ಲದೇ ಹೋದದ್ದು ಅವನು ದೊಡ್ಡವನಾದ ಮೇಲೆ ಅವನಿಗೊಂದು ಕಥೆ.