ಚೈಕೋವ್ಸ್ಕಿ: ಚಳಿಗಾಲಕ್ಕೆ ಸ್ವರ ಕೊಟ್ಟ ಸಂಗೀತಗಾರ

ಡಿಸೆಂಬರ್ ಬಂತೆಂದರೆ ಯುರೋಪು, ಅಮೆರಿಕಗಳ ರಂಗಮಂದಿರಗಳಲ್ಲಿ 'ನಟ್‌ಕ್ರ್ಯಾಕರ್' ಎಂಬ ನೃತ್ಯರೂಪಕ ಏರುತ್ತದೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಬಾಲಕಿಯೊಬ್ಬಳಿಗೆ ಉಡುಗೊರೆಯಾಗಿ ಬಂದ ಮರದ ಗೊಂಬೆ ರಾಜಕುಮಾರನಾಗಿ, ಹಿಮ ಸುರಿಯುವ ಕಾಡಿನ ಹಾದಿಯಾಗಿ ಅವಳನ್ನು ಸಿಹಿತಿಂಡಿಗಳ ನಾಡಿಗೆ ಕರೆದೊಯ್ಯುವ ಕಥೆ ಅದು. ಮಕ್ಕಳನ್ನು ನಲಿಸುವ ಆ ಸಂಗೀತ ಹುಟ್ಟಿದ್ದು ಮಾತ್ರ ದುಃಖದ ದಿನಗಳಲ್ಲಿ.

ಅದರ ಕರ್ತೃ ಪ್ಯೋತ್ರ್ ಇಲಿಚ್ ಚೈಕೋವ್ಸ್ಕಿ 1840ರ ಮೇ 7ರಂದು ರಷ್ಯಾದ ವೋಟ್ಕಿನ್ಸ್ಕ್‌ನಲ್ಲಿ ಜನಿಸಿದ. ತಂದೆ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮುಖ್ಯಸ್ಥ. ಹತ್ತರ ಹುಡುಗನನ್ನು ಸೇಂಟ್ ಪೀಟರ್ಸ್‌ಬರ್ಗಿನ ಕಾನೂನು ಶಾಲೆಗೆ ಸೇರಿಸಿದರು. 1854ರಲ್ಲಿ ತಾಯಿ ಕಾಲರಾಕ್ಕೆ ಬಲಿಯಾದಳು. ಆ ನೋವು ಅವನನ್ನು ಕೊನೆವರೆಗೂ ಬಿಡಲಿಲ್ಲ.

ಓದು ಮುಗಿಸಿ ನ್ಯಾಯ ಇಲಾಖೆಯಲ್ಲಿ ಗುಮಾಸ್ತನಾದವನು 1863ರಲ್ಲಿ ಆ ನೌಕರಿ ಬಿಟ್ಟು ಸಂಗೀತವನ್ನೇ ನೆಚ್ಚಿದ. 1866ರಲ್ಲಿ ಮಾಸ್ಕೋದಲ್ಲಿ ಅಧ್ಯಾಪಕನಾದ. ಹಗಲು ಪಾಠ, ರಾತ್ರಿ ರಚನೆ. ಆರೋಗ್ಯ ಕೆಡುವಷ್ಟು ದುಡಿದು 'ಚಳಿಗಾಲದ ಕನಸುಗಳು' ಎಂಬ ತನ್ನ ಮೊದಲ ಸಿಂಫನಿ ಬರೆದ. ಹಿಮದ ಬಯಲಲ್ಲಿ ಸಾಗುವ ಪ್ರಯಾಣವೇ ಅದರ ಮೊದಲ ಭಾಗ.

1877ರಿಂದ ನಾದೆಜ್ದಾ ಫಾನ್ ಮೆಕ್ ಎಂಬ ಸಿರಿವಂತ ವಿಧವೆ ಅವನಿಗೆ ವರ್ಷಾಶನ ಕೊಟ್ಟಳು. ಇಬ್ಬರೂ ಭೇಟಿಯಾಗಬಾರದೆಂಬುದು ಒಪ್ಪಂದ. 1890ರಲ್ಲಿ ಆಕೆ ನೆರವನ್ನೂ ಪತ್ರವ್ಯವಹಾರವನ್ನೂ ನಿಲ್ಲಿಸಿದಳು. ಮರುವರ್ಷ, ಕ್ರಿಸ್ಮಸ್ ರೂಪಕದ ಕೆಲಸ ಕೈಯಲ್ಲಿದ್ದಾಗಲೇ, ಪ್ರೀತಿಯ ತಂಗಿ ಅಲೆಕ್ಸಾಂದ್ರಾ ತೀರಿಕೊಂಡ ಸುದ್ದಿ ಪ್ಯಾರಿಸ್ಸಿನಲ್ಲಿ ತಲುಪಿತು. ಆದರೂ ಕೆಲಸ ನಿಲ್ಲಲಿಲ್ಲ. ಅದೇ ಪ್ಯಾರಿಸ್ಸಿನಲ್ಲಿ ಕಂಡ, ಪುಟ್ಟ ಗಂಟೆಗಳಂತೆ ನುಡಿಯುವ 'ಸೆಲೆಸ್ಟಾ' ಎಂಬ ಹೊಸ ವಾದ್ಯವನ್ನು ಬೇರೆ ರಷ್ಯನ್ ಸಂಗೀತಗಾರರಿಗೆ ಸುಳಿವು ಸಿಗದಂತೆ ತರಿಸಿ, ಸಿಹಿನಾಡಿನ ಯಕ್ಷಿಣಿಯ ಕುಣಿತಕ್ಕೆ ಬಳಸಿದ. ಹಿಮಹನಿಗಳ ನೃತ್ಯಕ್ಕೆ ಮಾತಿಲ್ಲದ ಮೇಳಗಾನ ಸೇರಿಸಿದ.

1892ರ ಡಿಸೆಂಬರ್ 18ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಥಮ ಪ್ರದರ್ಶನ. ವಿಮರ್ಶಕರು ಹೆಚ್ಚು ಮೆಚ್ಚಲಿಲ್ಲ. ಮುಂದಿನ ವರ್ಷದ ನವೆಂಬರ್ 6ರಂದು, 53ನೇ ವಯಸ್ಸಿನಲ್ಲಿ ಚೈಕೋವ್ಸ್ಕಿ ಕಣ್ಣು ಮುಚ್ಚಿದ. ತಾಯಿಯನ್ನು ಒಯ್ದ ಕಾಲರಾವೇ ಕಾರಣವೆಂದು ವೈದ್ಯರು ತಿಳಿಸಿದರು.

1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 1954ರಲ್ಲಿ ನ್ಯೂಯಾರ್ಕ್ ಆ ರೂಪಕವನ್ನು ಮತ್ತೆ ರಂಗಕ್ಕೆ ತಂದವು. ಅಲ್ಲಿಂದ ಅದು ಹಬ್ಬದ ಭಾಗವೇ ಆಯಿತು. ತನ್ನ ಮನೆಯಲ್ಲಿ ಸಾವಿನ ಮೇಲೆ ಸಾವು ಕಂಡವನು ಲೋಕದ ಮನೆಮನೆಯ ಮಕ್ಕಳಿಗೆ ಹಬ್ಬದ ಉಡುಗೊರೆ ಬಿಟ್ಟುಹೋದ. ಅವರು ಅದನ್ನು ಎಷ್ಟು ಒಲಿದರೆಂಬುದನ್ನು ಕಾಣುವ ಭಾಗ್ಯ ಮಾತ್ರ ಅವನಿಗಿರಲಿಲ್ಲ.