ಒಂದು ಅಂಕದ ಉತ್ತರ: ಪೆಂಬರ್ಟನ್

ಬೈಲಹೊಂಗಲದ ಬಸ್ ನಿಲ್ದಾಣವಿರಲಿ, ಕಿತ್ತೂರು ಉತ್ಸವವಿರಲಿ, ಸವದತ್ತಿ ಯಲ್ಲಮ್ಮನ ಜಾತ್ರೆಯಿರಲಿ, ರಾಮದುರ್ಗದ ಸಂತೆಯಿರಲಿ, ಕೆಂಪು ಫಲಕದ ಮೇಲೆ ಬಿಳಿಯ ಬಳುಕು ಅಕ್ಷರಗಳ ಕೋಕಾ-ಕೋಲಾ ಹೆಸರು ಕಣ್ಣಿಗೆ ಬಿದ್ದೇ ಬೀಳುತ್ತದೆ. ಇದನ್ನು ಕಂಡುಹಿಡಿದವರು ಯಾರು ಎಂಬುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಒಂದು ಅಂಕದ ಪ್ರಶ್ನೆ. ಉತ್ತರ, ಜಾನ್ ಪೆಂಬರ್ಟನ್. ಆದರೆ ಅವರ ಬದುಕು ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ಜಾನ್ ಸ್ಟಿತ್ ಪೆಂಬರ್ಟನ್ ಹುಟ್ಟಿದ್ದು 1831ರ ಜುಲೈ 8ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ನಾಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಗಿಡಮೂಲಿಕೆ ವೈದ್ಯಪದ್ಧತಿ ಕಲಿತು 19ನೇ ವಯಸ್ಸಿಗೇ ಪರವಾನಗಿ ಪಡೆದರು. ಕೊಲಂಬಸ್ ಪಟ್ಟಣದಲ್ಲಿ ಔಷಧ ವ್ಯಾಪಾರ ಮಾಡಿಕೊಂಡಿದ್ದರು. ಅಮೆರಿಕದ ಅಂತರ್ಯುದ್ಧ ಶುರುವಾದಾಗ ದಕ್ಷಿಣದ ರಾಜ್ಯಗಳ ಸೇನೆ ಸೇರಿದರು. 1865ರ ಏಪ್ರಿಲ್‌ನಲ್ಲಿ, ಯುದ್ಧ ಇನ್ನೇನು ಮುಗಿಯಿತು ಎನ್ನುವಾಗ, ಎದೆಗೆ ಕತ್ತಿಯ ಏಟು ಬಿತ್ತು. ನೋವು ತಡೆಯಲು ತೆಗೆದುಕೊಂಡ ಮಾರ್ಫಿನ್ ಕ್ರಮೇಣ ಚಟವಾಯಿತು.

ಔಷಧ ಬಲ್ಲವರಾದ್ದರಿಂದ ಮಾರ್ಫಿನ್‌ಗೆ ಬದಲಿ ಹುಡುಕತೊಡಗಿದರು. ಅಟ್ಲಾಂಟಾ ನಗರಕ್ಕೆ ಬಂದು ನೆಲೆಸಿದ ಮೇಲೆ 1885ರ ಹೊತ್ತಿಗೆ ಫ್ರೆಂಚ್ ವೈನ್ ಕೋಕಾ ಎಂಬ ಪಾನೀಯ ತಯಾರಿಸಿದರು. ಅದರಲ್ಲಿ ವೈನ್, ದಕ್ಷಿಣ ಅಮೆರಿಕದ ಕೋಕಾ ಎಲೆ ಮತ್ತು ಆಫ್ರಿಕಾದ ಕೋಲಾ ಬೀಜದ ಸಾರ ಇದ್ದವು. ಅಷ್ಟರಲ್ಲಿ ಅಟ್ಲಾಂಟಾದಲ್ಲಿ ಪಾನನಿಷೇಧಕ್ಕೆ ತೀರ್ಮಾನವಾಯಿತು. ಪೆಂಬರ್ಟನ್ ವೈನ್ ಕೈಬಿಟ್ಟು, ಸಕ್ಕರೆ, ಸಿಟ್ರಿಕ್ ಆಮ್ಲ ಸೇರಿಸಿ ಹೊಸ ಪಾಕ ಸಿದ್ಧಪಡಿಸಿದರು. 1886ರ ಮೇ 8ರಂದು ಜೇಕಬ್ಸ್ ಔಷಧ ಅಂಗಡಿಯಲ್ಲಿ ಸೋಡಾ ಬೆರೆಸಿದ ಈ ಪಾನೀಯ ಲೋಟಕ್ಕೆ 5 ಸೆಂಟ್‌ನಂತೆ ಮಾರಾಟಕ್ಕೆ ಬಂತು.

ಹೆಸರಿಟ್ಟವರು ಮಾತ್ರ ಪೆಂಬರ್ಟನ್ ಅಲ್ಲ. ಅವರ ಪಾಲುದಾರ, ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ರಾಬಿನ್ಸನ್ ಎರಡು ಪದಾರ್ಥಗಳ ಹೆಸರನ್ನೇ ಜೋಡಿಸಿದರು. ಇಂಗ್ಲಿಷ್‌ನಲ್ಲಿ ಕೋಲಾ ಬೀಜದ ಮೊದಲ ಅಕ್ಷರ 'ಕೆ'. ಜಾಹೀರಾತಿನಲ್ಲಿ ಎರಡು 'ಸಿ' ಅಕ್ಷರಗಳು ಚೆನ್ನಾಗಿ ಕಾಣುತ್ತವೆಂದು ಅದನ್ನು ಬದಲಿಸಿದರು. ಇಂದಿಗೂ ಉಳಿದಿರುವ ಬಳುಕು ಬರಹವೂ ಅವರದೇ. ಕೋಕಾ ಎಲೆಯ ಕೊಕೇನ್ ಅಂಶವನ್ನು 20ನೇ ಶತಮಾನದ ಆರಂಭದ ದಶಕಗಳಲ್ಲಿ ತೆಗೆದುಹಾಕಲಾಯಿತು. ಹೆಸರು ಹಾಗೇ ಉಳಿಯಿತು.

ಮೊದಲ ವರ್ಷ ದಿನಕ್ಕೆ ಸರಾಸರಿ 9 ಲೋಟ ಮಾತ್ರ ಖರ್ಚಾದವು. ಇತ್ತ ಪೆಂಬರ್ಟನ್ ಕಾಯಿಲೆ ಬಿದ್ದಿದ್ದರು, ಚಟವೂ ಬಿಟ್ಟಿರಲಿಲ್ಲ, ಕೈ ಬರಿದಾಗಿತ್ತು. ಹಕ್ಕುಗಳನ್ನು ತುಂಡುತುಂಡಾಗಿ ಮಾರಿದರು. 1888ರ ಆಗಸ್ಟ್ 16ರಂದು, 57ನೇ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬನೇ ಮಗ ಚಾರ್ಲಿಯೂ ಅಫೀಮಿನ ಚಟಕ್ಕೆ ಸಿಕ್ಕು 1894ರಲ್ಲಿ ಸತ್ತ. ಎಲ್ಲ ಹಕ್ಕುಗಳನ್ನೂ ಒಟ್ಟು 2,300 ಡಾಲರ್‌ಗೆ ಪಡೆದ ಅಸಾ ಕ್ಯಾಂಡ್ಲರ್ 1892ರಲ್ಲಿ ಕಂಪನಿ ಕಟ್ಟಿ ಶ್ರೀಮಂತರಾದರು.

ಪೆಂಬರ್ಟನ್ ಕಷ್ಟಕ್ಕೆ ಮಾರಿದ ಆ ಸೂತ್ರದ ಬೆಲೆ ಮುಂದೆ ಎಷ್ಟಾಯಿತೆಂದರೆ, 1977ರಲ್ಲಿ ಭಾರತ ಸರ್ಕಾರ ಪಾಲುದಾರಿಕೆಯ ಜೊತೆಗೆ ಸೂತ್ರವನ್ನೂ ಕೇಳಿದಾಗ ಕಂಪನಿ ದೇಶವನ್ನೇ ಬಿಟ್ಟಿತು. ಮರಳಿ ಬಂದದ್ದು 1993ರಲ್ಲಿ. ಅದು ಹೋದಾಗ ಸರ್ಕಾರ ತಂದ ಬದಲಿ ಪಾನೀಯದ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ. ಆ ವರ್ಷದ ನೆನಪಿಗೆ ಅದರ ಹೆಸರು 'ಡಬಲ್ ಸೆವೆನ್'.

ಗೆಳೆಯರೇ, ಚಟದಿಂದ ಹೊರಬರಲು ಹೊರಟ ದಾರಿಯಲ್ಲೇ ಪೆಂಬರ್ಟನ್ ಕೈಗೆ ಜಗತ್ತಿನ ದೊಡ್ಡ ಬ್ರ್ಯಾಂಡ್ ಸಿಕ್ಕಿತ್ತು. ಅದೇ ಚಟ ಅದನ್ನು ಕಿತ್ತುಕೊಂಡಿತು. ಪರೀಕ್ಷೆಯ ಒತ್ತಡ, ನೌಕರಿ ಸಿಗದ ಬೇಸರ ಮರೆಯಲು ಯಾವುದೋ ಮಾತ್ರೆಯ ಮೊರೆ ಹೋಗುವವರು ನಮ್ಮ ಹಾಸ್ಟೆಲ್ ಕೋಣೆಗಳಲ್ಲೂ ಇದ್ದಾರೆ. ಅಂಥವರು ಕಂಡರೆ ಒಮ್ಮೆ ಪಕ್ಕದಲ್ಲಿ ಕೂತು ಮಾತನಾಡಿಸಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಔಷಧ ಬಲ್ಲ ಪೆಂಬರ್ಟನ್‌ಗೇ ಒಬ್ಬರೇ ಅದರಿಂದ ಹೊರಬರಲು ಆಗಲಿಲ್ಲ.