ಮಾತು, ಹಾಡು, ಬರಹ: ಟಿ.ಪಿ. ಕೈಲಾಸಂ ಜೀವನ ಮತ್ತು ಕೃತಿಗಳ ಒಂದು ಮರುನೋಟ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯೂ ಸೇರಿದಂತೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ನಾಟಕವೆಂದರೆ ಇಂದಿಗೂ ಮೊದಲು ನೆನಪಾಗುವುದು ಹಾರ್ಮೋನಿಯಂ ಮತ್ತು ಹಾಡು. ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಯ ಯೋಗ್ಯತೆಯನ್ನು ಪ್ರೇಕ್ಷಕರು ಬಹುಮಟ್ಟಿಗೆ ಅವನ ಹಾಡುಗಾರಿಕೆಯಿಂದಲೇ ಅಳೆಯುತ್ತಾರೆ. ವೃತ್ತಿ ಕಂಪನಿಗಳು ರೂಪಿಸಿದ ಈ ಅಭಿರುಚಿಗೆ ಎದುರಾಗಿ ಮಾತನ್ನೇ ಪ್ರಧಾನವಾಗಿಸಿಕೊಂಡ ನಾಟಕವನ್ನು ಕಟ್ಟಿದವರು ಟಿ.ಪಿ. ಕೈಲಾಸಂ. ಆದರೆ ಜನರ ನಾಲಗೆಯ ಮೇಲೆ ಉಳಿದ ಹಲವು ಹಾಡುಗಳ ಕರ್ತೃವೂ ಅವರೇ. ರಂಗದ ಮೇಲೆ ಹಾಡನ್ನು ಹಿಂದಕ್ಕೆ ಸರಿಸಿದ ನಾಟಕಕಾರ ರಂಗದ ಹೊರಗೆ ಹಾಡುಗಾರನಾದದ್ದು ಹೇಗೆ? ಈ ಪ್ರಶ್ನೆಯನ್ನು ಮುಂದಿರಿಸಿಕೊಂಡು ಅವರ ಬದುಕನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತ್ಯಾಗರಾಜ ಪರಮಶಿವ ಕೈಲಾಸಂ 1884ರಲ್ಲಿ ಜನಿಸಿದರು. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಕೈಲಾಸಂ, ಭೂವಿಜ್ಞಾನದ ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಆ ಮಹಾನಗರವು ಅವರಿಗೆ ವಿಜ್ಞಾನದ ಜೊತೆಗೆ ರಂಗಭೂಮಿಯನ್ನೂ ಪರಿಚಯಿಸಿತು. ಒಂದೆಡೆ ಇಬ್ಸೆನ್, ಶಾ ಮೊದಲಾದವರ ಪ್ರಭಾವದಿಂದ ಬೆಳೆದಿದ್ದ ಸಾಮಾಜಿಕ ನಾಟಕ. ಇನ್ನೊಂದೆಡೆ ಒಬ್ಬನೇ ನಟ ವೇಷ, ಹಾಡು, ಹಾಸ್ಯಗಳಿಂದ ಸಭೆಯನ್ನು ಹಿಡಿದಿಡುತ್ತಿದ್ದ ಮ್ಯೂಸಿಕ್ ಹಾಲ್. ಕೈಲಾಸಂ ಅವರ ಮುಂದಿನ ಸೃಷ್ಟಿಯಲ್ಲಿ ಈ ಎರಡೂ ಧಾರೆಗಳನ್ನು ಗುರುತಿಸಬಹುದು.

ತಾಯ್ನಾಡಿಗೆ ಮರಳಿದ ಮೇಲೆ ಅವರು ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಆ ನೌಕರಿ ಬಹುಕಾಲ ಉಳಿಯಲಿಲ್ಲ. ಅಧಿಕಾರ, ವರಮಾನ, ಗೃಹಸ್ಥ ಜೀವನದ ಕ್ರಮ ಇವೆಲ್ಲವನ್ನೂ ಕ್ರಮೇಣ ಕಳಚಿಕೊಂಡು ಅವರು ರಂಗಭೂಮಿಗೆ ಒಲಿದರು. ಈ ತ್ಯಾಗವನ್ನು ವೈಭವೀಕರಿಸುವ ದಂತಕಥೆಗಳಿಗೆ ಕೊರತೆಯಿಲ್ಲ. ಆದರೆ ಅದರ ಬೆಲೆಯನ್ನು ಅವರೂ ಅವರ ಕುಟುಂಬವೂ ತೆತ್ತದ್ದನ್ನು ಮರೆಯುವಂತಿಲ್ಲ.

1920ರ ಆಸುಪಾಸಿನಲ್ಲಿ ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ‘ಟೊಳ್ಳುಗಟ್ಟಿ’ ಹೊಸ ದಿಕ್ಕನ್ನು ತೋರಿತು. ಪರೀಕ್ಷೆಯ ಅಂಕಗಳಿಂದ ಮನುಷ್ಯನನ್ನು ಅಳೆಯುವ ವಿದ್ಯಾಭ್ಯಾಸ ಕ್ರಮದ ವಿಮರ್ಶೆಯೇ ಆ ನಾಟಕದ ವಸ್ತು. ‘ಹೋಂ ರೂಲು’ ರಾಷ್ಟ್ರ ರಾಜಕಾರಣದ ಘೋಷಣೆಯನ್ನು ಅಡುಗೆಮನೆಗೆ ತಂದಿತು. ‘ತಾಳೀ ಕಟ್ಟೋಕ್ ಕೂಲೀನೇ?’ ವರದಕ್ಷಿಣೆಯನ್ನೂ ‘ಬಹಿಷ್ಕಾರ’ ಜಾತಿಯ ಕಟ್ಟುಪಾಡಿನ ಕ್ರೌರ್ಯವನ್ನೂ ಮುಖಾಮುಖಿಯಾದವು. ರಾಜ, ಋಷಿ, ಗಂಧರ್ವರು ನಿಲ್ಲುತ್ತಿದ್ದ ಜಾಗದಲ್ಲಿ ವಕೀಲ, ಗುಮಾಸ್ತ, ವಿದ್ಯಾರ್ಥಿ, ಗೃಹಿಣಿ ಬಂದು ನಿಂತರು. ಇಂಗ್ಲಿಷ್ ಬೆರೆತ ಮೈಸೂರು ಸೀಮೆಯ ಆಡುಗನ್ನಡವನ್ನೇ ಆಡಿದರು. ಗ್ರಾಂಥಿಕ ಭಾಷೆಯ ಹಂಗಿಲ್ಲದ ಈ ಮಾತಿಗೆ ತನ್ನದೇ ಲಯವಿತ್ತು. ಹಾಡು ಸಂಭಾಷಣೆಯೊಳಗೆ ಕರಗಿದ್ದು ಹೀಗೆ.

ಅವರ ಬಿಡಿ ಹಾಡುಗಳನ್ನು ನೋಡಿದರೆ ಇದರ ಮರುಮುಖ ಕಾಣುತ್ತದೆ. 1912ರ ಆಂಗ್ಲ ಗೀತೆಯಾದ ‘ಟಿಪ್ಪರರಿ’ಯ ಧಾಟಿ ಅವರಲ್ಲಿ ‘ತಿಪ್ಪಾರಳ್ಳಿ’ಯಾಗಿ ನೆಲೆ ಬದಲಿಸಿತು. ಮಹಾಯುದ್ಧದ ಸೈನಿಕರ ಬಾಯಲ್ಲಿ ಜಗತ್ತು ಸುತ್ತಿದ ಐರಿಷ್ ಊರಿನ ಹಂಬಲ ಕನ್ನಡದ ಹಳ್ಳಿಗನ ಹಂಬಲವಾಯಿತು. ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವ ‘ಕಾನ್‌ಸ್ಟಾಂಟಿನೋಪಲ್’ ಹಾಡಿನ ವಿನೋದದಿಂದ ‘ಕೋಳೀಕೆ ರಂಗ’ ಮೂಡಿಬಂದ. ಇವು ಅನುವಾದಗಳಲ್ಲ. ಧಾಟಿ ಮಾತ್ರ ಹೊರಗಿನದು. ವ್ಯಕ್ತಿ, ಊರು, ನುಡಿ ಎಲ್ಲವೂ ಇಲ್ಲಿನವು. ಇಲ್ಲಿ ಹಾಡುವವನು ಕವಿಯಲ್ಲ, ಒಂದು ಪಾತ್ರ. ಆದುದರಿಂದ ಇವನ್ನು ಏಕಪಾತ್ರದ ಕಿರುನಾಟಕಗಳೆಂದು ಪರಿಗಣಿಸುವುದು ಸೂಕ್ತ. ನಾಟಕದಲ್ಲಿ ದನಿ ಪಡೆದವರು ಹೆಚ್ಚಾಗಿ ಪಟ್ಟಣದ ಬ್ರಾಹ್ಮಣ ಮಧ್ಯಮವರ್ಗದವರು. ಅಲ್ಲಿ ಅವಕಾಶ ಕಡಿಮೆಯಿದ್ದ ಹಳ್ಳಿಗ ಹಾಡಿನಲ್ಲಿ ನಾಯಕನಾದ ಎಂಬುದು ಗಮನಾರ್ಹ. ಆದರೆ ಆ ಹಳ್ಳಿಗ ಪೇಟೆಯ ಶ್ರೋತೃಗಳ ನಗೆಗಾಗಿ ರೂಪುಗೊಂಡವನೂ ಹೌದು. ಅವನನ್ನು ಕುರಿತು ನಗುತ್ತೇವೆಯೋ, ಅವನೊಡನೆ ನಗುತ್ತೇವೆಯೋ ಎಂಬುದು ಇನ್ನೂ ಚರ್ಚೆಗೆ ತೆರೆದ ವಿಷಯ.

ಪುರಾಣದ ಪಾತ್ರಗಳನ್ನು ಕೈಲಾಸಂ ಬಿಟ್ಟುಕೊಡಲಿಲ್ಲ. ಭರತ, ಏಕಲವ್ಯ, ಕರ್ಣರನ್ನು ಕುರಿತ ಗಂಭೀರ ನಾಟಕಗಳಿಗೆ ಅವರು ಆರಿಸಿಕೊಂಡದ್ದು ಇಂಗ್ಲಿಷನ್ನು. ಮನೆಯ ಜಗಲಿಗೆ ಒಂದು ಭಾಷೆ, ಮಹಾಕಾವ್ಯದ ದುರಂತಕ್ಕೆ ಇನ್ನೊಂದು ಭಾಷೆ ಎಂಬ ಈ ವಿಂಗಡಣೆ ವಸಾಹತುಕಾಲದ ವಿದ್ಯಾವಂತ ಮನಸ್ಸಿನ ಇಬ್ಬಂದಿತನವನ್ನು ಸೂಚಿಸುತ್ತದೆ.

ಕೈಲಾಸಂ ತಮ್ಮ ನಾಟಕಗಳನ್ನು ಸಾಮಾನ್ಯವಾಗಿ ಕುಳಿತು ಬರೆದವರಲ್ಲ. ಅವರು ಎಲ್ಲ ಪಾತ್ರಗಳನ್ನೂ ತಾವೇ ಅಭಿನಯಿಸುತ್ತ ಹೇಳುತ್ತಿದ್ದರು, ಮಿತ್ರರು ಬರೆದುಕೊಳ್ಳುತ್ತಿದ್ದರು. ಹೇಳಿದ ಎಷ್ಟೋ ಸಂಗತಿಗಳು ಕಾಗದಕ್ಕೆ ಇಳಿಯಲೇ ಇಲ್ಲ. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಮರುವರ್ಷವೇ, 1946ರಲ್ಲಿ, ಅವರು ನಿಧನರಾದರು.

ಹೀಗಾಗಿ ಇಂದು ನಾವು ತರಗತಿಯಲ್ಲಿ ಬೋಧಿಸುತ್ತಿರುವ ಕೈಲಾಸಂ ಪಠ್ಯವು ಒಂದು ಪ್ರದರ್ಶನದ ಲಿಖಿತ ಶೇಷ. ನಾಟಕಗಳನ್ನು ಪಠ್ಯಪುಸ್ತಕಕ್ಕೂ ಹಾಡುಗಳನ್ನು ಸುಗಮ ಸಂಗೀತದ ವೇದಿಕೆಗೂ ಹಂಚಿಬಿಟ್ಟಿರುವ ನಮ್ಮ ಕ್ರಮವು, ಒಂದೇ ಕಂಠದಿಂದ ಹೊರಟದ್ದನ್ನು ಎರಡಾಗಿ ಸೀಳಿದೆ. ಅವರ ಮಾತು ಮತ್ತು ಹಾಡುಗಳನ್ನು ಒಟ್ಟಿಗೆ ಇರಿಸಿ, ವಾಚಿಕ ಪರಂಪರೆಯ ಮಾನದಂಡಗಳಿಂದ ಪರಿಶೀಲಿಸುವ ಅಗತ್ಯವಿದೆ. ಹಾಡಿನಿಂದಲೇ ನಟನನ್ನು ಅಳೆಯುವ ಮಂಡ್ಯ ಸೀಮೆಯ ಪ್ರೇಕ್ಷಕನಿಗೆ ಕಿವಿಯೇ ನಾಟಕದ ಮೊದಲ ಪ್ರಮಾಣ. ಕೈಲಾಸಂ ಅಧ್ಯಯನವೂ ಆ ಕಿವಿಯನ್ನು ಮರಳಿ ಪಡೆಯಬೇಕಾಗಿದೆ.